ಎಲೆ ತಿರುಗಿಸುವ ಲೆನ್ಸು

ಥೊವಾಳ ಮನೆಯ ಅಕ್ಕಿ ಡಬ್ಬಿಯಲ್ಲಿ ಅಕ್ಕಿಯ ಜೊತೆಗೆ ಒಂದು ಲೆನ್ಸೂ ಇರುತ್ತಿತ್ತು. ಹನೋಯಿಯಲ್ಲಿ ಚಳಿ ಮುಗಿಯುತ್ತಿದ್ದಂತೆ ಗೋಡೆಗಳು ಬೆವರಲು ಶುರುಮಾಡುತ್ತವೆ. ನೆಲ ಒದ್ದೆ, ಹಾಸಿಗೆ ಒದ್ದೆ, ಬೆಂಕಿಪೊಟ್ಟಣವೂ ಒದ್ದೆ. ಗಾಜಿನೊಳಗೆ ಬೂಸಲು ಜೇಡರ ಬಲೆಯಂತೆ ಹಬ್ಬುವುದು ಆಗಲೇ. ಅದಕ್ಕೇ ಅವಳು ಲೆನ್ಸನ್ನು ಹಳೆಯ ಉಣ್ಣೆಯ ಕಾಲುಚೀಲದೊಳಗೆ ಕಟ್ಟಿ ಅಕ್ಕಿಯಲ್ಲಿ ಹೂತಿಡುತ್ತಿದ್ದಳು. ಹೊಸದಾಗಿ ಬಂದ ಸೊಸೆ ಮೊದಲ ದಿನ ಅಕ್ಕಿ ಅಳೆಯಲು ಕೈಹಾಕಿ, ಕಾಲುಚೀಲ ಹಿಡಿದು, ಮೂರು ಮಹಡಿಗೂ ಕೇಳುವಂತೆ ಕಿರುಚಿದ್ದಳು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಥೊವಾ ಸೋವಿಯತ್ ದೇಶದ ಒಂದು ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋಗಿದ್ದಳು. ಅಲ್ಲಿಂದ ಮರಳುವಾಗ ಅವಳ ಜೊತೆಯ ಹುಡುಗಿಯರೆಲ್ಲ ಇಸ್ತ್ರಿಪೆಟ್ಟಿಗೆ, ಪ್ರೆಶರ್ ಕುಕ್ಕರು, ಸೈಕಲ್ಲಿನ ಬಿಡಿಭಾಗಗಳನ್ನು ಹೊತ್ತು ತಂದರು. ಥೊವಾ ತಂದದ್ದು ಒಂದು ಕ್ಯಾಮೆರಾ. ಅವಳ ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಏನು ಬೇಯಿಸ್ತೀಯೇ?" ಎಂದು ಕೇಳಿದ್ದಳು. ನಾಲ್ಕು ಮಳೆಗಾಲ ಕಳೆಯುವುದರೊಳಗೆ ಕ್ಯಾಮೆರಾ ತುಕ್ಕು ಹಿಡಿದು ಸತ್ತಿತು. ಲೆನ್ಸು ಮಾತ್ರ ಅಕ್ಕಿ ತಿಂದುಕೊಂಡು ಬದುಕಿತು.

ಈಗ ಅರವತ್ತು ವರ್ಷದ ಥೊವಾ ತಾನಿರುವ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟುಗಳಿಗೆ ಜಿಪ್ಪು ಹಾಕುತ್ತಾಳೆ, ಉದ್ದ ಇದ್ದದ್ದನ್ನು ಗಿಡ್ಡ ಮಾಡುತ್ತಾಳೆ. ಹೂವಿನ ಕಾಲ ಬಂತೆಂದರೆ ಯಂತ್ರದ ಮೇಲೆ ಬಟ್ಟೆ ಮುಚ್ಚಿಬಿಡುತ್ತಾಳೆ. ಕಟ್ಟಡದ ಹೆಂಗಸರದ್ದೊಂದು ಫೋಟೋ ಗುಂಪಿದೆ. ಹೊಸವರ್ಷಕ್ಕೆ ಪೀಚ್ ಹೂವಿನ ತೋಟ, ಜೂನಿನಲ್ಲಿ ತಾವರೆ ಕೆರೆ, ನವೆಂಬರಿನಲ್ಲಿ ನದಿ ದಂಡೆಯ ಬಿಳಿ ಸೇವಂತಿಗೆ. ಎಲ್ಲರೂ ಒಂದೇ ಬಣ್ಣದ ಉಡುಪು ತೊಟ್ಟು, ರೇಷ್ಮೆ ವಸ್ತ್ರ ಗಾಳಿಗೆ ಹಾರಿಸಿ, ಒಂದು ಕಾಲನ್ನು ಹಿಂದಕ್ಕೆ ಎತ್ತಿ, ಹದಿನೆಂಟರ ನಗೆ ನಗುತ್ತಾರೆ. ಆ ಕಾಲೆತ್ತುವುದರಲ್ಲಿ ಥೊವಾಳನ್ನು ಮೀರಿಸಿದವರಿಲ್ಲ. ಫೋಟೋ ತೆಗೆಸಿಕೊಳ್ಳುವುದು ಅವಳಿಗೆ ಹುಟ್ಟುಗುಣ. ತೆಗೆಯುವುದು ಮಾತ್ರ ಬರದು.

ಅವಳ ಮನೆಯ ಗೋಡೆಯ ಮೇಲೆ ಒಂದೇ ಒಂದು ಫೋಟೋ ಇದೆ. ಗಿರಣಿಯ ಹಿಂದಿನ ಬರ್ಚ್ ಮರಗಳ ತೋಪಿನಲ್ಲಿ ನಿಂತ ಥೊವಾ. ಮುಖ ಸ್ಪಷ್ಟ. ಅವಳ ಹಿಂದೆ ಎಲೆಗಳೆಲ್ಲ ಸುತ್ತುತ್ತಿವೆ. ಯಾರೋ ದೊಡ್ಡ ಸೌಟು ಹಾಕಿ ಇಡೀ ಕಾಡನ್ನು ತಿರುವಿದ ಹಾಗೆ, ಬೆಳಕಿನ ಚೂರುಗಳು ವರ್ತುಲವಾಗಿ ಅವಳ ತಲೆಯ ಸುತ್ತ ಓಡುತ್ತಿವೆ. ಆ ಲೆನ್ಸಿನಲ್ಲೇ ಅದನ್ನು ತೆಗೆದವಳು ಗಿರಣಿಯ ದಿನಗಳ ಅವಳ ಕೋಣೆಯ ಜೊತೆಗಾತಿ, ನಾಮ್ ದಿನ್ ಊರಿನ ಮಿಯೆನ್.

ಮಿಯೆನ್‌ದು ಒಂದೂ ಇಲ್ಲ. "ಮುಂದಿನದು ನಿಂದು, ಮುಂದಿನದು ನಿಂದು" ಎನ್ನುತ್ತಾ ಥೊವಾ ಆವತ್ತು ಮೂವತ್ತಾರು ಚಿತ್ರದ ಇಡೀ ರೀಲನ್ನು ತಾನೇ ಮುಗಿಸಿದ್ದಳು. ಮತ್ತೊಂದು ರೀಲು ಕೊಳ್ಳುವ ಹೊತ್ತಿಗೆ ಹಿಮ ಬಿದ್ದಿತ್ತು, ಮರದಲ್ಲಿ ಎಲೆಯೇ ಇರಲಿಲ್ಲ. ಆಮೇಲೆ ಮದುವೆ, ಮಕ್ಕಳು, ಬೇರೆ ಬೇರೆ ಊರು. ಮೂವತ್ತೆಂಟು ವರ್ಷ ಕಳೆದರೂ ಮಿಯೆನ್ ಫೋನಿನಲ್ಲಿ ಹಲೋ ಎನ್ನುವ ಮೊದಲು ಕೇಳುವುದು ಒಂದೇ ಮಾತು: "ಏನೇ, ನಂದು ಯಾವಾಗ?"

ಈ ವರ್ಷದ ಮೇ ತಿಂಗಳಲ್ಲಿ ಆ ಫೋನು ಬಂದಾಗ ಥೊವಾ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು.

"ಏನೇ, ನಂದು ಯಾವಾಗ? ಬೇಗ ಹೇಳು. ಜೂನ್ ಮುಗಿದ ಮೇಲೆ ಮಗಳು ನನ್ನನ್ನ ಸೈಗಾನಿಗೆ ಕರ್ಕೊಂಡು ಹೋಗ್ತಾಳೆ. ಇಲ್ಲಿಯ ಮನೆ ಮಾರಿಯಾಯ್ತು."

ಥೊವಾಳ ಕೈಯ ಸೂಜಿ ನಿಂತಿತು. ಸೈಗಾನು ಎಂದರೆ ದೇಶದ ಆ ತುದಿ. "ಹಾಗಾದರೆ ಬಾರೇ. ತಾವರೆ ಬಿಡೋ ಕಾಲ ಬಂತು. ಮೊಬೈಲಲ್ಲಿ ನೂರು ತೆಗೀತೀನಿ."

"ಮೊಬೈಲಿಂದು ನನ್ನ ಹತ್ರಾನೇ ಸಾವಿರ ಇದೆ. ಎಲ್ಲದರಲ್ಲೂ ಗುರುತಿನ ಚೀಟಿ ಮುಖ. ನಂಗೆ ಎಲೆ ತಿರುಗಬೇಕು ಕಣೇ. ನಿನ್ನ ಹಿಂದೆ ತಿರುಗಿದ್ವಲ್ಲ, ಹಾಗೆ."

ಫೋನಿಟ್ಟ ಮೇಲೆ ಥೊವಾ ಅಕ್ಕಿಗೆ ಕೈಹಾಕಿ ಕಾಲುಚೀಲ ಹೊರತೆಗೆದಳು. ಹೆಂಗಸರು ಕಟ್ಟುವ ಚೀಟಿ ದುಡ್ಡಿನಲ್ಲಿ ಆ ತಿಂಗಳು ಸರದಿ ಅವಳದೇ. ಅದು ಹೊಸ ಫ್ರಿಜ್ಜಿಗೆ ಎಂದು ಕೀ ಎಂಬ ಹೆಸರಿನ ಅವಳ ಗಂಡ ನಂಬಿಕೊಂಡಿದ್ದ.

ಹಳೆಯ ಕ್ಯಾಮೆರಾಗಳ ಅಂಗಡಿ ಒಂದು ಕಾಫಿ ಹೋಟೆಲಿನ ಮೇಲಿತ್ತು. ಅಂಗಡಿಯ ಒಡತಿ ಲಿಯೂ ಮೂವತ್ತರ ಆಸುಪಾಸಿನ ಹೆಂಗಸು, ಕತ್ತಿನಲ್ಲಿ ಭೂತಗನ್ನಡಿ ನೇತುಹಾಕಿಕೊಂಡಿದ್ದಳು. ಥೊವಾ ಕಾಲುಚೀಲವನ್ನು ಗಾಜಿನ ಮೇಜಿನ ಮೇಲೆ ಇಟ್ಟಳು.

"ದೊಡ್ಡಮ್ಮ, ಇದೇನು?"

"ಲೆನ್ಸು, ಮಗಳೇ. ಇದಕ್ಕೆ ಒಂದು ಕ್ಯಾಮೆರಾ ಬೇಕು."

ಲಿಯೂ ನಕ್ಕಳು. "ಎಲ್ಲರೂ ಕ್ಯಾಮೆರಾಕ್ಕೆ ಲೆನ್ಸು ಹುಡುಕ್ಕೊಂಡು ಬರ್ತಾರೆ. ನೀವು ಮಗಳಿಗೆ ತಕ್ಕ ಮನೆ ನೋಡೋಕೆ ಬಂದಹಾಗಿದೆ." ಲೆನ್ಸನ್ನು ಬೆಳಕಿಗೆ ಹಿಡಿದಳು. ಒಳಗಿಂದ ಎರಡು ಅಕ್ಕಿಕಾಳು ಉದುರಿದವು. ಗಾಜು ಮಾತ್ರ ತಿಳಿಗೊಳದ ನೀರಿನ ಹಾಗಿತ್ತು. "ಬೂಸಲೇ ಇಲ್ಲವಲ್ಲ! ದೊಡ್ಡಮ್ಮ, ನಮ್ಮ ತೇವ ಹೀರೋ ಪೆಟ್ಟಿಗೆಗಿಂತ ನಿಮ್ಮ ಅಕ್ಕಿ ವಾಸಿ."

ಮೇಜಿನ ಮೇಲೆ ಕ್ಯಾಮೆರಾಗಳು ಬಂದು ಕೂತವು. ಇವುಗಳ ಒಳಗೆ ಹಳೆಯವುಗಳ ಹಾಗೆ ಕನ್ನಡಿ ಇರುವುದಿಲ್ಲವಂತೆ, ಅದಕ್ಕೇ ಅಷ್ಟು ತೆಳುವು. ಒಂದು ಕಪ್ಪು, ಒಂದು ಕಂದು ಚರ್ಮದ್ದು, ಇನ್ನೊಂದು ನೆತ್ತಿಯ ಮೇಲೆ ಬೆಳ್ಳಿ ಬಣ್ಣ ಹೊದ್ದ ಪುಟಾಣಿ. ಥೊವಾ ಬೆಳ್ಳಿಯದನ್ನು ಎತ್ತಿ ಎದೆಯ ಮೇಲೆ ತೂಗುಹಾಕಿಕೊಂಡು ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡಳು. ಸರದ ಪದಕದ ಹಾಗೆ ಒಪ್ಪಿತ್ತು. "ಇದೇ. ಇದನ್ನೇ ಕೊಡು."

"ನಿಮಗೇನು ಬೇಕು ಅದನ್ನ ಮೊದಲು ಹೇಳಿ, ದೊಡ್ಡಮ್ಮ."

ಥೊವಾ ಕೈಯೆರಡನ್ನೂ ಗಾಳಿಯಲ್ಲಿ ಗಿರಗಿರ ತಿರುಗಿಸಿ ಎಲೆಗಳು ಹೇಗೆ ಸುತ್ತಬೇಕೆಂದು ತೋರಿಸಿದಳು. ತೋರಿಸುತ್ತಾ ತೋರಿಸುತ್ತಾ ತಾನೂ ಒಂದು ಸುತ್ತು ತಿರುಗಿಬಿಟ್ಟಳು.

"ಹಾಗಾದರೆ ಈ ಬೆಳ್ಳಿಯದು ಆಗಲ್ಲ," ಎಂದಳು ಲಿಯೂ. "ಇದರೊಳಗೆ ಬೆಳಕು ಬೀಳೋ ತಟ್ಟೆ ಚಿಕ್ಕದು. ಆ ಸುತ್ತೋದಿದೆಯಲ್ಲ, ಅದು ಚಿತ್ರದ ಅಂಚಲ್ಲಿ ಇರೋದು. ಚಿಕ್ಕ ತಟ್ಟೆ ನಡುವಿನದನ್ನ ಮಾತ್ರ ಇಟ್ಟುಕೊಂಡು ಅಂಚನ್ನ ಕತ್ತರಿಸಿಬಿಡುತ್ತೆ. ಬಟ್ಟಲಿನ ನಡುವಿಂದ ಬರೀ ಸಾರು ಕುಡಿದು, ಸೊಪ್ಪು ಮಾಂಸ ಎಲ್ಲ ಬಿಟ್ಟ ಹಾಗೆ."

ಕೊನೆಗೆ ಮುಂದೆ ಬಂದದ್ದು ಒಂದು ಕಪ್ಪು ಕ್ಯಾಮೆರಾ. ಅಂಗೈಗಿಂತ ತುಸು ದೊಡ್ಡದು, ಒಳಗಿನ ತಟ್ಟೆ ಮಾತ್ರ ಪೂರ್ತಿ ಅಳತೆಯದು. ನೋಡಲು ಸಾಬೂನಿನ ಡಬ್ಬಿ. ಥೊವಾ ಅದನ್ನೂ ಬೆಳ್ಳಿಯದನ್ನೂ ಎರಡು ಕೈಯಲ್ಲಿ ಹಿಡಿದು, ಒಂದನ್ನು ನೋಡಿ ಮರುಗಿದಳು, ಇನ್ನೊಂದನ್ನು ನೋಡಿ ನಿಟ್ಟುಸಿರುಬಿಟ್ಟಳು. ಸುಂದರವಾದದ್ದನ್ನು ಕೆಳಗಿಡುವುದು ಅವಳ ಜೀವಮಾನದಲ್ಲಿ ಅದೇ ಮೊದಲು. ಇಟ್ಟಳು.

"ಒಂದು ಮಾತು," ಎಂದಳು ಲಿಯೂ. "ಇದಕ್ಕೆ ಇವತ್ತಿನ ಲೆನ್ಸು ಹಾಕಿದರೆ ತಾನೇ ಎದುರಿನವರ ಕಣ್ಣು ಹುಡುಕ್ಕೊಂಡು, ತಾನೇ ಸರಿಮಾಡ್ಕೊಂಡು, ಚಿಟಿಕೆ ಹೊಡೆಯೋದರಲ್ಲಿ ತೆಗೆದುಬಿಡುತ್ತೆ. ನಿಮ್ಮದಾದರೆ ಪ್ರತಿ ಸಲ ಕೈಯಲ್ಲೇ ತಿರುಗಿಸಿ ಸ್ಪಷ್ಟ ಮಾಡಬೇಕು. ತುಂಬ ಹೊತ್ತು ಹಿಡಿಯುತ್ತೆ. ಇವತ್ತಿಂದೂ ಒಂದು ತಗೊಳ್ಳಿ."

"ಅದು ಎಲೆ ತಿರುಗಿಸುತ್ತಾ?"

"ಇಲ್ಲ. ಅದು ನೀಟು."

"ನೀಟು ಬೇಡ."

ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸಲು ನಡುವೆ ಒಂದು ಲೋಹದ ಉಂಗುರ ಬೇಕಿತ್ತು. ಲಿಯೂ ಅದನ್ನು ತಿರುಪಿ ಕೂರಿಸಿ, ಕ್ಯಾಮೆರಾದ ಮೆನುವಿನಲ್ಲಿ ಏನೇನೋ ಬದಲಿಸಿಕೊಟ್ಟಳು. ಲೆನ್ಸಿನ ಬಾಯನ್ನು ಪೂರ್ತಿ ತೆರೆದಿಡಬೇಕು, ಹತ್ತಿರ ನಿಲ್ಲಬೇಕು, ಎಲೆಗಳು ದೂರ ಇರಬೇಕು. ಯಾವುದು ಸ್ಪಷ್ಟವಾಗಿದೆಯೋ ಅದರ ಅಂಚಿನಲ್ಲಿ ಕೆಂಪು ಗೆರೆ ಮಿನುಗುತ್ತದೆ. ಥೊವಾ ಈ ಮೂರು ನಾಲ್ಕು ಮಾತುಗಳನ್ನು ದಾರಿಯುದ್ದಕ್ಕೂ ಪದದ ಹಾಗೆ ಗುನುಗುತ್ತಾ ಬಂದಳು.

ಮನೆಯಲ್ಲಿ ಗಂಡ ಕೀ ಕ್ಯಾಮೆರಾದ ಡಬ್ಬಿ ಬಿಚ್ಚಿ ನೋಡಿದ. ಆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅಜ್ಜ, ಅಜ್ಜಿ ಎಂದೇ ಕರೆಯುವುದು.

"ಅಜ್ಜೀ, ಫ್ರಿಜ್ಜು ತುಂಬ ಚಿಕ್ಕದಾಯ್ತಲ್ಲ."

"ಬಾಗಿಲು ತೆಗೆದು ನೋಡು ಅಜ್ಜಾ, ಒಳಗೆ ಜಾಗ ಇದೆ."

ಕೀ ನಲವತ್ತು ವರ್ಷ ವಿದ್ಯುತ್ ಕೆಲಸ ಮಾಡಿದವನು. ಗುಂಡಿಯಿದ್ದದ್ದನ್ನು ಒತ್ತದೆ ಅವನಿಗೆ ಅನ್ನ ಸೇರದು. "ತಾರೀಖು ತಪ್ಪಿದೆ, ಸರಿಮಾಡ್ತೀನಿ" ಎಂದು ಅದನ್ನೆತ್ತಿಕೊಂಡು ಮೂಲೆ ಸೇರಿದ.

ಮಿಯೆನ್ ಬಂದದ್ದು ತಾವರೆಯ ಕೊನೆಯ ವಾರದಲ್ಲಿ, ಕೈಯಲ್ಲಿ ಶೇಂಗಾ ಮಿಠಾಯಿಯ ಪೊಟ್ಟಣ ಹಿಡಿದು. ಹಿಂದಿನ ಸಂಜೆ ಬಂದು ಮಲಗಿ, ಬೆಳಗಾಗುವ ಮೊದಲು ಥೊವಾಳ ಸ್ಕೂಟರಿನ ಹಿಂದೆ ಕೂತು ತಾಯ್ ಹೋ ಕೆರೆಗೆ ಹೊರಟಳು. ಮಧ್ಯಾಹ್ನದ ಬಸ್ಸಿಗೆ ಅವಳು ಮರಳಬೇಕು, ಮಾರನೆಯ ದಿನ ಸಾಮಾನಿನ ಲಾರಿ ಬರುತ್ತದೆ.

ಕೆರೆಯ ದಂಡೆಯಲ್ಲಿ ಬಾಡಿಗೆಗೆ ಉಡುಪು ಕೊಡುವವರಿದ್ದರು. ಮಿಯೆನ್ ಬಿಳಿಯ ನಿಲುವಂಗಿ ತೊಟ್ಟು, ತೋಳಿನ ತುಂಬ ತಾವರೆ ಹಿಡಿದು, ನೀರಿನ ಮೇಲೆ ಚಾಚಿದ ಹಲಗೆಯ ತುದಿಯಲ್ಲಿ ನಿಂತಳು. ಬೆಳಕು ಎಲೆಗಳ ಮೇಲೆ ಓರೆಯಾಗಿ ಬಿದ್ದಿತ್ತು. ಥೊವಾ ಉಸಿರು ಹಿಡಿದು ಗುಂಡಿ ಒತ್ತಿದಳು.

ಏನೂ ಆಗಲಿಲ್ಲ.

ಮತ್ತೆ ಒತ್ತಿದಳು. ಪರದೆಯ ಮೇಲೆ ಒಂದು ಸಾಲು ಬಂತು. ಕನ್ನಡಕ ಹಾಕಿಕೊಂಡು ಓದಿದಳು. "ಲೆನ್ಸ್ ಇಲ್ಲ ಅನ್ನುತ್ತೆ ಕಣೇ! ಮೂವತ್ತು ಚಿಲ್ಲರೆ ವರ್ಷ ಅಕ್ಕಿ ಹಾಕಿ ಸಾಕಿದೀನಿ, ಇದು ಇಲ್ಲವೇ ಇಲ್ಲ ಅನ್ನುತ್ತೆ!"

"ಗಂಡನ ಕೈಗೆ ಕೊಟ್ಟಿದ್ದೆಯಾ?"

"ತಾರೀಖು ಸರಿಮಾಡೋಕೆ..."

"ಹಾಗಾದರೆ ತಾರೀಖು ಸರಿಯಾಗಿದೆ ಬಿಡು."

ಇಬ್ಬರೂ ಹಲಗೆಯ ಮೇಲೇ ಕೂತರು.  ಬೆಳಕು ಏರುತ್ತಿದೆ, ಬಿಸಿಲು ಬಲಿತರೆ ಹೂವು ಮುಚ್ಚಿಕೊಳ್ಳುತ್ತದೆ, ಬಸ್ಸು ಕಾಯುವುದಿಲ್ಲ. ಥೊವಾ ಲಿಯೂಗೆ ಫೋನು ಹಚ್ಚಿದಳು. ನಿದ್ದೆಯ ಬಾವಿಯಿಂದ ದನಿ ಬಂತು: "ದೊಡ್ಡಮ್ಮ... ಮೆನು ಒತ್ತಿ. ಏನು ಕಾಣುತ್ತೆ?"

"ಏನೂ ಕಾಣಲ್ಲ. ಕನ್ನಡಕ ಈಗ ಮಿಯೆನ್ ಹತ್ರ ಇದೆ."

ಒಂದೇ ಕನ್ನಡಕವನ್ನು ಮೂಗಿನಿಂದ ಮೂಗಿಗೆ ದಾಟಿಸುತ್ತಾ, ಒಬ್ಬಳು ಓದಿ ಒಬ್ಬಳು ಒತ್ತಿ, ಪುಟದ ಮೇಲೆ ಪುಟ ಇಳಿದರು. ಕೊನೆಗೆ ಮಿಯೆನ್ ಜೋರಾಗಿ ಓದಿದಳು: "ಲೆನ್ಸ್ ಇಲ್ಲದೆ ಫೋಟೋ ತೆಗೆಯಲು ಅನುಮತಿ — ಇಲ್ಲ."

"ಅದೇ! ಹಳೇ ಲೆನ್ಸು ಕ್ಯಾಮೆರಾ ಜೊತೆ ಮಾತಾಡಲ್ಲ, ಅದಕ್ಕೆ ಇಲ್ಲ ಅಂದುಕೊಂಡಿದೆ. ಅನುಮತಿ ಕೊಡಿ," ಎಂದಳು ಫೋನಿನಲ್ಲಿ ಲಿಯೂ.

"ಕೊಟ್ಟೆ," ಎಂದಳು ಮಿಯೆನ್. "ಗಿರಣಿಯ ಮೇಸ್ತ್ರಿ ಕೂಡ ಇಷ್ಟೊಂದು ಸಲ ಅಪ್ಪಣೆ ಕೇಳಿಸಿರಲಿಲ್ಲ."

ಕ್ಯಾಮೆರಾ ಟಕ್ ಎಂದಿತು. ಪಕ್ಕದ ದೋಣಿಯ ಹೆಂಗಸರು ತಿರುಗಿ ನೋಡುವಷ್ಟು ಜೋರಾಗಿ ಇಬ್ಬರೂ ಕೂಗಿದರು.

ಆದರೆ ಮಿಯೆನ್ ಮತ್ತೆ ಹೋಗಿ ನಿಂತದ್ದೇ ಅವಳ ಮುಖ ಗುರುತಿನ ಚೀಟಿಗೆ ಹೊರಟುಹೋಯಿತು. ತುಟಿ ಬಿಗಿ, ಕತ್ತು ಕಂಬ, ಕಣ್ಣು ಸರ್ಕಾರಿ ಗೋಡೆ ನೋಡಿದ ಹಾಗೆ. ಥೊವಾ ಕಿಂಡಿಗೆ ಕಣ್ಣಿಟ್ಟು ಲೆನ್ಸಿನ ಮೇಲಿನ ಉಂಗುರ ತಿರುಗಿಸತೊಡಗಿದಳು. ಕೆಂಪು ಗೆರೆ ಹೂವಿನ ಮೇಲೆ ಮಿನುಗಿತು. ತಿರುಗಿಸಿದಳು, ಕಿವಿಗೆ ಹೋಯಿತು. ಇನ್ನಷ್ಟು, ಹಿಂದಿನ ದೋಣಿಗೆ ಹಾರಿತು. ಮತ್ತೆ ಹಿಂದಕ್ಕೆ. ತಾವರೆಯ ದಂಟು, ನಿಲುವಂಗಿಯ ಗುಂಡಿ, ಗಲ್ಲ.

"ಆಯ್ತೇನೇ?"

"ತಡಿ. ನಿನ್ನ ಮೂಗಿನ ಹತ್ರ ಬಂದೆ."

"ಸೈಗಾನಿಗೆ ನಡ್ಕೊಂಡು ಹೋಗಿದ್ರೂ ಇಷ್ಟೊತ್ತಿಗೆ ತಲುಪ್ತಿದ್ದೆ."

"ಮಾತಾಡಬೇಡ, ಮೂಗು ಅಲ್ಲಾಡುತ್ತೆ."

"ಹೂವು ಬಾಡ್ತಿದೆ, ತೋಳು ಸೋತಿದೆ, ನಂಗೆ ಮೀಸೆ ಬೆಳೀತಿದೆ! ಯಾರಾದ್ರೂ ಈ ಮುದುಕಿ ಕೈಯಿಂದ ಕ್ಯಾಮೆರಾ ಕಿತ್ಕೊಳ್ಳಿ! ಆವತ್ತು ರೀಲೆಲ್ಲ ನುಂಗಿದಳು, ಇವತ್ತು ನನ್ನ ಬೆಳಗನ್ನೇ ನುಂಗ್ತಿದಾಳೆ..." ಬಯ್ಯುತ್ತಾ ಬಯ್ಯುತ್ತಾ ಮಿಯೆನ್‌ಗೆ ನಗು ಒತ್ತರಿಸಿ ಬಂತು. ಕತ್ತು ಹಿಂದಕ್ಕೆ ಬಿತ್ತು, ತೋಳಿನಿಂದ ಎರಡು ತಾವರೆ ಜಾರಿದವು. ಆ ಹೊತ್ತಿಗೆ ಸರಿಯಾಗಿ ಕೆಂಪು ಗೆರೆ ಅವಳ ರೆಪ್ಪೆಗಳ ಮೇಲೆ ಮಿನುಗಿತು.

ಟಕ್.

ಇಬ್ಬರೂ ತಲೆಗೆ ತಲೆ ತಾಗಿಸಿ ಪರದೆ ನೋಡಿದರು. ಕನ್ನಡಕ ಮಿಯೆನ್‌ಳ ಮೂಗಿನ ಮೇಲಿತ್ತು.  ಥೊವಾಳಿಗೆ ಮಂಜು ಮಂಜಾಗಿ ಕಂಡದ್ದು ಹಸಿರಿನ ಒಂದು ದೊಡ್ಡ ಸುಳಿ, ನಡುವೆ ಬಿಳಿ. "ತಿರುಗ್ತಿದೆಯೇನೇ? ಹೇಳೇ, ತಿರುಗ್ತಿದೆಯಾ?"

ಮಿಯೆನ್ ಕನ್ನಡಕ ತೆಗೆದು ಅವಳಿಗೆ ಹಾಕಿದಳು. ಇಡೀ ಕೆರೆ ಸುತ್ತುತ್ತಿತ್ತು. ಎಲೆಗಳೆಲ್ಲ ಬಾಗಿ, ಒಂದರ ಹಿಂದೊಂದು, ಬಾಯ್ತೆರೆದು ನಗುತ್ತಿರುವ ಹೆಂಗಸೊಬ್ಬಳ ತಲೆಯ ಸುತ್ತ ಓಡುತ್ತಿದ್ದವು.

"ಇಷ್ಟು ಚೆನ್ನಾಗಿದ್ದೆನೇನೇ ನಾನು?" ಎಂದಳು ಮಿಯೆನ್ ಮೆಲ್ಲನೆ. ಆಮೇಲೆ ನಿಲುವಂಗಿಯ ಚುಂಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನಡಿ. ಇನ್ನೊಂದು."

ಇನ್ನೊಂದು ಆಯಿತು. ತಾವರೆ ಎಲೆ ಕೊಡೆ ಮಾಡಿಕೊಂಡು ಒಂದು. ದೋಣಿಯಲ್ಲಿ ಮಲಗಿ ಒಂದು. ದೋಣಿಯವಳನ್ನು ಇಳಿಸಿ, ಹುಟ್ಟು ಹಿಡಿದು, ಹಾಡು ಹೇಳುತ್ತಾ ಒಂದು. ಒಂದು ಕಾಲು ಹಿಂದಕ್ಕೆ ಎತ್ತಲು ಹೋಗಿ ಚಪ್ಪಲಿ ನೀರಿಗೆ ಹಾರಿತು, ಅದರದ್ದೂ ಒಂದು. ಥೊವಾ ಬೆವರಿಳಿಸುತ್ತಾ ಹಲಗೆಯ ಮೇಲೆ ಮಂಡಿಯೂರಿ, ಹೊಟ್ಟೆಯೂರಿ, ಉಂಗುರ ತಿರುಗಿಸುತ್ತಲೇ ಇದ್ದಳು. ತನಗೂ ಒಂದು ಉಡುಪು ಬಾಡಿಗೆಗೆ ಪಡೆಯಲು ಮರೆತದ್ದೂ ಅವಳಿಗೆ ನೆನಪಾಗಲಿಲ್ಲ.

ಮಿಯೆನ್‌ಳ ಮಗಳ ಫೋನು ಬಂದಾಗ ಹೂವುಗಳೆಲ್ಲ ಮುಚ್ಚಿಕೊಂಡಿದ್ದವು. "ಅಮ್ಮಾ, ಬಸ್ಸು ಹತ್ತಿದೆಯಾ?"

ಮಿಯೆನ್ ಥೊವಾಳ ಮುಖ ನೋಡಿದಳು. ಬಸ್ಸು ಆಗಲೇ ಹೊರಟುಹೋಗಿತ್ತು.

"ಲಾರಿಯವನಿಗೆ ನಾಡಿದ್ದು ಬಾ ಅನ್ನು, ಮಗಳೇ," ಎಂದಳು. "ನಾನು ಕೆಲಸದಲ್ಲಿದೀನಿ." ಫೋನನ್ನು ಬುಟ್ಟಿಗೆ ಎಸೆದು, ಒದ್ದೆ ಕಾಲಲ್ಲೇ ದೋಣಿಯ ಮೂತಿಗೆ ಏರಿ ನಿಂತಳು. "ಹೂಂ, ತಿರುಗಿಸೇ!"