ಗುರುಗ್ರಹದ ಬೆಳಕಿಗೆ ಒಂದು ಸಹಿ

ಕ್ಷಮೆ ದೊಡ್ಡ ಗುಣ ಅನ್ನುತ್ತಾರೆ. ನನಗೆ ಆ ಗುಣವಿಲ್ಲ, ಕೊಡಪ್ಪಾ ಎಂದು ದೇವರನ್ನು ಬೇಡಿಕೊಂಡೂ ಇಲ್ಲ.

ಎಂಬತ್ತರ ದಶಕದ ಆರಂಭ. ಸವಣೂರು ತಾಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪ್ರಾರ್ಥನೆಗೆ ಮೊದಲು ವರಾಂಡದ ಕರಿಹಲಗೆಯ ಮೇಲೆ ಸುದ್ದಿ ಬರೆಯುವುದೂ ನನ್ನದೇ ಕೆಲಸ. ಒಂದು ದಿನ ರೇಡಿಯೋದಲ್ಲಿ ಕೇಳಿದ್ದನ್ನು ಬರೆದೆ: ಭೂಮಿಯನ್ನು ಸುತ್ತುತ್ತಿರುವ ದೂರದರ್ಶಕವೊಂದು ಗುರುಗ್ರಹದ ಧ್ರುವಗಳಲ್ಲಿ ನೇರಳಾತೀತ ಪ್ರಭೆಯನ್ನು ಕಂಡಿದೆ. ಆ ಬೆಳಕು ಕಣ್ಣಿಗೆ ಕಾಣದು. ನಮ್ಮ ಗಾಳಿಯೇ ಅದನ್ನು ತಡೆಯುವುದರಿಂದ ಯಂತ್ರ ಮೇಲೆ ಹೋಗಬೇಕಾಯಿತು.

ಹೆಡ್‌ಮಾಸ್ತರರು ಇಡೀ ಶಾಲೆಯೆದುರು ಅದನ್ನು ಒರೆಸಿದರು.

"ಕಣ್ಣಿಗೆ ಕಾಣದ್ದಕ್ಕ ನಮ್ಮೂರಾಗ ಕತ್ತಲಿ ಅಂತಾರ, ಅಕ್ಕೋರ. ಗುರುಬಲ ಕೂಡಿ ಬರವಲ್ದಂತ ಗುರುವಿನ ಮ್ಯಾಲ ಭಾಳ ಲಕ್ಷ್ಯ ಇಟ್ಟೀರಿ ನೋಡ್ರಿ."

ನನಗಾಗ ಇಪ್ಪತ್ತೆಂಟು, ಮದುವೆಯಾಗಿರಲಿಲ್ಲ. ಮಕ್ಕಳೆಲ್ಲ ನಕ್ಕರು. ಅಷ್ಟಕ್ಕೇ ಬಿಡದೆ, ಸುಳ್ಳು ಸುದ್ದಿ ಬರೆದೆನೆಂದು ತಪ್ಪೊಪ್ಪಿಗೆ ಬರೆಸಿ ಸಹಿ ಮಾಡಿಸಿಕೊಂಡರು. ಅವರಿಗೆ ಸಹಿಯ ಹುಚ್ಚು, ಸೀಮೆಸುಣ್ಣದ ಡಬ್ಬಿಯ ಮೇಲೂ ಸಹಿ. ಆ ಕಾಗದ ಕಡತದಲ್ಲಿ ಉಳಿದರೆ ನನ್ನ ನೌಕರಿ ಖಾಯಂ ಆಗುವಂತಿರಲಿಲ್ಲ.

ಆ ಭಾನುವಾರ ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಹಾನಗಲ್ಲಿನ ನೀರಾವರಿ ಕಚೇರಿಯಲ್ಲಿ ಪ್ಯೂನ್. ಕಾಲುವೆ ನಕ್ಷೆಗಳ ಪ್ರತಿ ತೆಗೆಯುವುದು ಅವನ ಕೆಲಸ. ಮದ್ದು ಸವರಿದ ಫೆರೋ ಪೇಪರನ್ನು ನಕ್ಷೆಯ ಕೆಳಗಿಟ್ಟು ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಬಿಸಿಲು ತಾಗಿದಲ್ಲೆಲ್ಲ ನೀಲಿ.

"ಮೋಡ ಮುಚ್ಚಿದ್ರೂ ಇದು ನೀಲಿ ಆಕ್ಕೈತವ್ವಾ," ಎಂದ ಅಪ್ಪ. "ನಮಗ ಕಾಣದ ಬಿಸಲ ಇದಕ್ಕ ಗೊತ್ತಾಗತೈತಿ."

ಕತ್ತರಿಸಿ ಉಳಿದ ಒಂದು ಪಟ್ಟಿಯನ್ನು ಕರಿ ಕಾಗದದಲ್ಲಿ ಸುತ್ತಿ ಕೊಟ್ಟ.

ಶಾಲೆಯ ತಪಾಸಣೆಗೆ ಇಲಾಖೆಯ ಸಾಹೇಬರು ಬಂದ ದಿನ ಕೋಣೆ ಕತ್ತಲು ಮಾಡಿದೆ. ಕನ್ನಡಿಯಿಂದ ಒಂದೆಳೆ ಬಿಸಿಲನ್ನು ಒಳಗೆ ಬಿಟ್ಟು, ಗಾಜಿನ ಪಟ್ಟಕ ಹಾಯಿಸಿ, ಏಳು ಬಣ್ಣಗಳನ್ನು ಆ ಪಟ್ಟಿಯ ಮೇಲೆ ಬೀಳಿಸಿದೆ.

"ಬೆಳಕ ಎಲ್ಲಿಗೆ ಮುಗೀತು ಅಂತ ನೀವ ಗೆರಿ ಹೊಡದು ತೋರಸ್ರಿ, ಸರ್," ಎಂದು ಹೆಡ್‌ಮಾಸ್ತರರಿಗೆ ವಿನಯದಿಂದ ಪೆನ್ಸಿಲ್ ಕೊಟ್ಟೆ.

ನೇರಳೆ ಮುಗಿದಲ್ಲಿ ಗೆರೆ ಎಳೆದರು. ಯಾರೂ ಕೇಳದಿದ್ದರೂ ಪಕ್ಕದಲ್ಲಿ ಸಹಿ ಮಾಡಿದರು. ನಾನು ಹೊಂಚು ಹಾಕಿದ್ದು ಆ ಸಹಿಗೇ.

ಸಾಹೇಬರು ಚಹಾ ಕುಡಿದು ದಾಖಲೆ ನೋಡಿ ಬರುವವರೆಗೆ, ಬಣ್ಣಗಳು ಗೆರೆಯಿಂದ ಅಲುಗದ ಹಾಗೆ ಕನ್ನಡಿ ಹೊರಳಿಸುತ್ತ ಕುಳಿತೆ. ಆಮೇಲೆ ಅವರೆದುರೇ ಪಟ್ಟಿಯನ್ನು ಬಕೆಟ್ಟಿನಲ್ಲಿ ತೊಳೆದು ಎತ್ತಿ ಹಿಡಿದೆ. ನೀಲಿ ಬಣ್ಣ ಅವರ ಗೆರೆಯನ್ನು ದಾಟಿ ಆಚೆ ಹೋಗಿತ್ತು. ಇನ್ನೂ ಆಚೆಗೆ ಹೋದರೆ ಸಿಗುವುದೇ ಗುರುಗ್ರಹದ ಆ ಬೆಳಕು ಎಂದೆ.

"ಸಹಿ ನಿಮ್ದ ಅಲ್ಲೇನ್ರಿ?" ಎಂದು ಸಾಹೇಬರು ಹೆಡ್‌ಮಾಸ್ತರರನ್ನು ಕೇಳಿದರು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಸಾಹೇಬರು ಆ ತಪ್ಪೊಪ್ಪಿಗೆಯನ್ನು ಹೆಡ್‌ಮಾಸ್ತರರ ಕೈಯಿಂದಲೇ ಹರಿದುಹಾಕಿಸಿದರು. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಅಲ್ಲಿಗೆ ಬಿಟ್ಟಿದ್ದರೆ ಒಳ್ಳೆಯವಳು ಅನ್ನಿಸಿಕೊಳ್ಳುತ್ತಿದ್ದೆ. ನನ್ನ ಹೊಟ್ಟೆ ತಣ್ಣಗಾಗಿರಲಿಲ್ಲ. ಸಾಹೇಬರ ಅಪ್ಪಣೆ ಪಡೆದು ಪಟ್ಟಿಗೆ ಗಾಜಿನ ಕಟ್ಟು ಹಾಕಿಸಿ ಕರಿಹಲಗೆಯ ಪಕ್ಕದಲ್ಲೇ ತೂಗುಹಾಕಿದೆ. ದಿನಾ ಪ್ರಾರ್ಥನೆಗೆ ಅವರು ಅದರ ಮುಂದೆಯೇ ನಿಲ್ಲಬೇಕಿತ್ತು.

ತಮ್ಮ ನಿವೃತ್ತಿಗೆ ಒಂದು ವಾರವಿದ್ದಾಗ ಮೆತ್ತಗೆ ಬಂದರು.

"ಮಕ್ಕಳ ನಗತಾವ್ರಿ, ಅಕ್ಕೋರ. ಇನ್ನರ ತಗೀರಿ ಅದನ್ನ."

"ಕಣ್ಣ ಮುಚಗೊಳ್ರಿ, ಸರ್. ಕಾಣದ್ದು ಇಲ್ಲಂತ ನೀವ ಹೇಳಿದ್ರಲ್ಲ."

ಬೀಳ್ಕೊಡುಗೆಯ ದಿನ ಫೋಟೋಕ್ಕೆಂದು ಅವರ ಕುರ್ಚಿಯನ್ನು ಸರಿಯಾಗಿ ಅದರ ಕೆಳಗೇ ಹಾಕಿಸಿದೆ. ಆ ಫೋಟೋ ನನ್ನ ಹತ್ತಿರ ಈಗಲೂ ಇದೆ. ಸಹಿ ಓದಲು ಬರುತ್ತದೆ.