ವಯರಿಲ್ಲದ ಬೈರಿಗೆ

ಮನೆಯಲ್ಲಿ ಕಾಲೇಜು ಕಲಿತವನು ಒಬ್ಬನಿದ್ದರೆ ಸಾಕು, ಮನೆ ಹಾಳು ಮಾಡಲಿಕ್ಕೆ ಹೊರಗಿನವರು ಬೇಡ. ನಮ್ಮ ಮನೆಯಲ್ಲಿ ಆ ಒಬ್ಬ ನಾನು. ಎಂಬತ್ತರ ದಶಕದ ನಡುವೆ ಒಂದು ಆಯುಧ ಪೂಜೆಯ ಬೆಳಿಗ್ಗೆ, ಕಾಪುವಿನ ನಮ್ಮ ಬಾವಿಕಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅಪ್ಪನ ಬ್ಯಾಟರಿ ಡ್ರಿಲ್ಲನ್ನು ಅಂಟುವಾಳದ ನೀರಲ್ಲಿ ಅದ್ದಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದ ಬಿ.ಕಾಂ. ಪದವೀಧರ ನಾನೇ.

ಅಪ್ಪ ಆಚಾರಿ. ದಾರಂದ ಎಂಬ ಬಾಗಿಲ ಚೌಕಟ್ಟು, ಬಾಗಿಲು, ಕಿಟಿಕಿ ಮಾಡುವವರು. ಎರಡು ವರ್ಷ ಮೊದಲು ಯಾರದೋ ಮನೆಯ ಹಂಚಿನ ಮಾಡಿನಿಂದ ಬಿದ್ದು ಬಲ ಭುಜ ಕೈಕೊಟ್ಟಿತ್ತು. ಉಳಿ, ಕೊಡತಿಗೆ ಎಡಗೈ ಹೇಗೋ ಪಳಗಿತು. ಬೈರಿಗೆಗೆ ಪಳಗಲಿಲ್ಲ. ಬೈರಿಗೆಯಲ್ಲಿ ಮರಕ್ಕೆ ತೂತು ಕೊರೆಯಬೇಕಾದರೆ ಎದೆ ಕೊಟ್ಟು ಒತ್ತಬೇಕು, ಎರಡೂ ಕೈಯಲ್ಲಿ ತಿರುವಬೇಕು. ತೂತು ಹಾಕಲಾಗದ ಆಚಾರಿ ಜಗಲಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಾ ರಸ್ತೆಯಲ್ಲಿ ಹೋಗುವವರಿಗೆಲ್ಲ ಬೈಯುತ್ತಿದ್ದರು. ಬೈಯದ ದಿನ ಅಮ್ಮ ಹೆದರಿ ಹಣೆ ಮುಟ್ಟಿ ನೋಡುತ್ತಿದ್ದರು.

ಆಗ ನನ್ನ ಭಾವ, ಅಕ್ಕನ ಗಂಡ, ದುಬಾಯಿಯಿಂದ ರಜೆಗೆ ಬಂದರು. ಎಲ್ಲರಿಗೂ ಸೆಂಟು, ಸಾಬೂನು, ಮಿಂಚುವ ಲುಂಗಿ. ಅಪ್ಪನಿಗೆ ಮಾತ್ರ ನೀಲಿ ಬಣ್ಣದ, ಪಿಸ್ತೂಲಿನ ಹಾಗಿದ್ದ ಒಂದು ಯಂತ್ರ. ಹಿಡಿಯೊಳಗೆ ಬ್ಯಾಟರಿ. ಒಂದೇ ಕೈ ಸಾಕು, ವಯರು ಬೇಡ. ಕಟ್ಟುತ್ತಿರುವ ಮನೆಗಳಲ್ಲಿ ಕರೆಂಟು ಎಲ್ಲಿಂದ ಬರಬೇಕು ಹೇಳಿ? ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಮರುದಿನ ಎಲ್ಲಿ ಬೇಕಾದರೂ ತೂತು.

ಮೊದಲ ದಿನ ಅಪ್ಪ ಅದನ್ನು ಮುಟ್ಟಲಿಲ್ಲ. "ಮಕ್ಕಳಾಟಿಕೆ" ಎಂದರು. ಮೂರನೆಯ ದಿನದಿಂದ ಅವರನ್ನು ತಡೆಯುವವರಿರಲಿಲ್ಲ. ಸ್ಟೂಲಿಗೆ ತೂತು, ಕೊಟ್ಟಿಗೆಯ ಕಂಬಕ್ಕೆ ತೂತು, ಅಮ್ಮ ತೆಂಗಿನಕಾಯಿ ತುರಿಯುವ ಮಣೆಗೆ ಸಾಲಾಗಿ ನಾಲ್ಕು. "ಮನೆ ಜರಡಿ ಆಯಿತು, ಇನ್ನು ನಮ್ಮ ತಲೆಗೊಂದು ಬಾಕಿ" ಎಂದು ಅಮ್ಮ ಕಿರುಚುತ್ತಿದ್ದರು. ಆದರೆ ಅವರ ಮುಖದಲ್ಲಿ ಕೋಪ ಇರಲಿಲ್ಲ. ವರ್ಷದೊಳಗೆ ಅಪ್ಪನಿಗೆ ಆದಿ ಉಡುಪಿಯಲ್ಲಿ ಒಂದು ಹೊಸ ಮನೆಯ ಇಡೀ ಮರದ ಕೆಲಸ ಸಿಕ್ಕಿತು. ದೀಪಾವಳಿ ಕಳೆದು ತಿಂಗಳ ಮೇಲೆ ಗೃಹಪ್ರವೇಶ. "ಇದೊಂದು ಎದ್ದು ನಿಂತರೆ ನಾನೂ ನಿಂತ ಹಾಗೆ. ಇಲ್ಲದಿದ್ದರೆ ಉಳಿಯನ್ನೆಲ್ಲ ಅಟ್ಟಕ್ಕೆ ಹಾಕಿ ಜಗಲಿಯಲ್ಲೇ ಸಾಯುತ್ತೇನೆ" ಎಂದಿದ್ದರು. ಅಪ್ಪ ಸುಮ್ಮನೆ ಹೇಳುವ ಜನ ಅಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮಲ್ಲಿ ಆ ದಿನ ಸಲಕರಣೆಗಳಿಗೆಲ್ಲ ಸ್ನಾನ ಆಗಬೇಕು, ಆಮೇಲೆ ಗಂಧ, ಕುಂಕುಮ, ಹೂವು. "ಹೊಸದನ್ನೂ ತೊಳಿ ಮಗ. ಹೆಚ್ಚು ಕೆಲಸ ಮಾಡಿದ್ದು ಅದೇ ಅಲ್ವಾ" ಎಂದರು ಅಪ್ಪ. ಡ್ರಿಲ್ಲಿನ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಓದಿದ್ದೆ ಕೂಡ. ನೀರು ತಾಗಿಸಬಾರದು ಎಂದು ದಪ್ಪಕ್ಷರದಲ್ಲಿ ಇತ್ತು. ಅದು ವಯರಿನಲ್ಲಿ ಓಡುವ ಯಂತ್ರಗಳಿಗೆ ಬರೆದದ್ದು ಎಂದು ನನ್ನ ಪದವಿಯ ಬುದ್ಧಿ ತೀರ್ಮಾನಿಸಿತು. ವಯರಿಲ್ಲ, ಅಂದಮೇಲೆ ಕರೆಂಟಿಲ್ಲ, ಕರೆಂಟಿಲ್ಲದ ಮೇಲೆ ನೀರಿಗೆ ಎಂತ ಹೆದರಿಕೆ? ಚೆನ್ನಾಗಿ ತೊಳೆದೆ. ಒಣಗಲಿಲ್ಲ ಎಂದು ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಮೀನು ಒಣಗಿಸುವ ಜಾಗದಲ್ಲಿಟ್ಟರು. ಸಂಜೆ ಹೂವು ಮುಡಿದು ಕೂತ ಡ್ರಿಲ್ಲಿನಿಂದ ಬಂಗುಡೆಯ ವಾಸನೆ ಬರುತ್ತಿತ್ತು, ಹಿಡಿ ಊದಿಕೊಂಡಿತ್ತು. ಮರುದಿನ ಗುಂಡಿ ಒತ್ತಿದರೆ ಒಂದು ಸಲ ಬಿಕ್ಕಳಿಸಿ ನಿಂತಿತು.

ಅಪ್ಪ ನನಗೆ ಬೈಯಲಿಲ್ಲ. ಊರಿಗೆಲ್ಲ ಬೈದವರು ನನಗೆ ಮಾತ್ರ ಒಂದು ಮಾತು ಹೇಳಲಿಲ್ಲ.

ಭಾವನಿಗೆ ಪತ್ರ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು: ಆ ಬ್ಯಾಟರಿ ಈಗ ಬರುವುದಿಲ್ಲ, ಇಲ್ಲಿ ಹಾಳಾದದ್ದನ್ನು ಯಾರೂ ರಿಪೇರಿ ಮಾಡುವುದಿಲ್ಲ, ಬಿಸಾಡಿ, ಮುಂದಿನ ರಜೆಗೆ ಹೊಸದು ತರುತ್ತೇನೆ. ಮುಂದಿನ ರಜೆ ಎರಡು ವರ್ಷಕ್ಕೆ! ಬಿಸಾಡುವುದಂತೆ. ನಾವು ಹರಿದ ಚಪ್ಪಲಿಯನ್ನೇ ಬಿಸಾಡಿದವರಲ್ಲ.

ಡ್ರಿಲ್ಲನ್ನು ಭಾವ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಉಡುಪಿಗೆ ಹೋದೆ. ನನ್ನ ಗುಮಾಸ್ತಗಿರಿಯ ಆಫೀಸೂ ಅಲ್ಲೇ ಇದ್ದದ್ದು. ಬಸ್ಸಿನಲ್ಲಿ ಕಂಡಕ್ಟರ್ ಚೀಲದೊಳಗೆ ಇಣುಕಿ, "ಎಂತ ಮಾರಾಯ್ರೇ, ಬ್ಯಾಂಕಿಗೆ ಹೊರಟದ್ದಾ?" ಎಂದ. ರೇಡಿಯೋ ರಿಪೇರಿಯವನು ಹಿಡಿಯನ್ನು ಬಿಚ್ಚಿ, ಮೂಗು ಮುಚ್ಚಿಕೊಂಡು, "ಮೀನು ಹಾಕಿದ್ದೀರಾ ಒಳಗೆ?" ಎಂದು ಕೇಳಿದ. ಬ್ಯಾಟರಿ ಸತ್ತಿದೆ ಎಂದ. ಆರು ಟಾರ್ಚಿನ ಸೆಲ್ಲುಗಳನ್ನು ಸಾಲಾಗಿ ಕಟ್ಟಿ ವಯರು ಕೊಟ್ಟ. ಡ್ರಿಲ್ಲು ಬಾಣಂತಿಯ ಹಾಗೆ ಮೆಲ್ಲ ಎದ್ದು, ಅರ್ಧ ತೂತು ಕೊರೆದು, ಮಲಗಿತು.

ಮಣಿಪಾಲದಲ್ಲಿ ಒಂದು ವರ್ಕ್‌ಶಾಪಿನಲ್ಲಿ ಪರಿಚಯದವನಿದ್ದ. ಅವನಿಗೆ ನನಗಿಂತ ಹೆಚ್ಚು ಕಲಿತ ಅಹಂಕಾರ. "ಸೆಲ್ಲೆಲ್ಲ ಎಂತಕ್ಕೆ, ಕಾರಿನ ಬ್ಯಾಟರಿ ಕೊಡುವ" ಎಂದು ಕೊಟ್ಟೇಬಿಟ್ಟ. ಅಬ್ಬ! ಆ ಡ್ರಿಲ್ಲು ಹಾಗೆ ತಿರುಗಿದ್ದನ್ನು ನಾನು ಕಂಡೇ ಇರಲಿಲ್ಲ. ಹಲಗೆಯಲ್ಲಿ ಎಂಟು ತೂತು ಬೆಣ್ಣೆಯಲ್ಲಿ ಕೊರೆದಂತೆ. ಒಂಬತ್ತನೆಯದರಲ್ಲಿ ಹೊಗೆ ಬಂತು. "ಮೋಟಾರು ಹೋಯಿತು ಅಲ್ವಾ" ಎಂದ ಅವನು, ಯಾರೋ ಬೇರೆಯವರು ಮಾಡಿದ ಹಾಗೆ. ಅವನ ಕಪಾಳಕ್ಕೆ ಒಂದು ಕೊಡಬೇಕು ಅನ್ನಿಸಿತು. ಆದರೆ ಬಾವಿಕಟ್ಟೆ ನೆನಪಾಗಿ ಕೈ ಎತ್ತಲಿಲ್ಲ.

ಇನ್ನು ಉಳಿದದ್ದು ಗುಜರಿ. ಕಾರ್ಕಳದ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬರು ವಯಸ್ಸಾದ ಬ್ಯಾರಿ ಗುಜರಿ ಅಂಗಡಿ ಇಟ್ಟಿದ್ದರು, ಎಲ್ಲರಿಗೂ ಕಾಕ. ಡ್ರಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದ ಕಾಕ ಅಷ್ಟರವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಇದರಲ್ಲಿ ಕೆಲಸ ಮಾಡುವುದು ಯಾರು?"

ಎಲ್ಲ ಹೇಳಿದೆ. ಭುಜ, ಆದಿ ಉಡುಪಿಯ ಮನೆ, ತೊಳೆದದ್ದು.

ಕಾಕ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಮೋಟಾರನ್ನು ಕಿತ್ತು ತಾಮ್ರದ ರಾಶಿಗೆ ಎಸೆದರು. "ಹೊಟ್ಟೆ ಹೋದರೆ ಹೋಗಲಿ, ಹಲ್ಲು ಗಟ್ಟಿ ಉಂಟು" ಎಂದು ಕೊರೆಯುವ ಕಡ್ಡಿಯನ್ನು ಕಚ್ಚಿ ಹಿಡಿಯುವ ಉಕ್ಕಿನ ಮೂತಿಯನ್ನು ಮಾತ್ರ ಬಿಚ್ಚಿದರು. ರಾಶಿಯಿಂದ ಒಂದು ಹಳೆಯ ಕೈಡ್ರಿಲ್ಲು ಎಳೆದರು. ಬದಿಯಲ್ಲಿ ಹಿಡಿ ತಿರುಗಿಸಿದರೆ ಮುಂದೆ ತಿರುಗುವಂಥದ್ದು, ಮೂತಿ ಮುರಿದದ್ದು. ಅದಕ್ಕೆ ಇದನ್ನು ಕೂರಿಸಿ, ಎಣ್ಣೆ ಬಿಟ್ಟು ಕೊಟ್ಟರು. ಬ್ಯಾಟರಿಯನ್ನು ಮಾತ್ರ ವಾಪಸ್ಸು ನನ್ನ ಚೀಲಕ್ಕೆ ಹಾಕಿದರು. "ಇದು ನನಗೆ ಬೇಡ. ಒಳಗೆ ವಿಷ ಉಂಟು. ಬಾವಿಗೂ ಹಾಕಬೇಡ, ಒಲೆಗೂ ಹಾಕಬೇಡ."

"ಮತ್ತೆ ಎಂತ ಮಾಡುವುದು ಕಾಕ?"

"ಇಟ್ಟುಕೋ. ನೀನೇ ತೊಳೆದದ್ದಲ್ವಾ?"

ಇಟ್ಟುಕೊಂಡಿದ್ದೇನೆ. ಉಪ್ಪಿನಕಾಯಿಯ ಒಡೆದ ಭರಣಿಯಲ್ಲಿ, ಒಣ ಮರಳಿನ ನಡುವೆ, ಇಂದಿಗೂ. ಅದನ್ನು ತೆಗೆದುಕೊಳ್ಳುವವರು ಯಾರೂ ಸಿಕ್ಕಿಲ್ಲ.

ಹೊರಡುವಾಗ ಕಾಕ ಕೂಗಿ ಹೇಳಿದರು, "ಇದಕ್ಕೆ ಗಟ್ಟಿ ಬಲಗೈ ಬೇಕು. ಮನೆಯಲ್ಲಿ ಒಂದು ಉಂಟಲ್ವಾ?"

ಪಡುಬಿದ್ರಿಯವರೆಗೆ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಬೇರೆ ಯಾರದಾದರೂ ಕೈ ಹುಡುಕಿದೆ. ಸತ್ಯ ಹೇಳಿಬಿಡುತ್ತೇನೆ: ನಾನು ಅಷ್ಟು ಊರು ಸುತ್ತಿದ್ದು ಅಪ್ಪನ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ. ಆ ಯಂತ್ರ ಬದುಕಿದರೆ ನಾನು ಮರ ಮುಟ್ಟಬೇಕಾಗಿಲ್ಲ. ಹದಿನಾರನೆಯ ವಯಸ್ಸಿನಲ್ಲಿ, "ನನಗೆ ಈ ಹೊಟ್ಟಿನ ಕೆಲಸ ಬೇಡ, ನಾಚಿಕೆಯಾಗುತ್ತದೆ" ಎಂದು ಅಪ್ಪನ ಮುಖಕ್ಕೇ ಹೇಳಿದ್ದೆ. ಅಂದಿನಿಂದ ಅವರು ನನಗೆ ಒಂದು ಮೊಳೆ ಹೊಡೆಯಲಿಕ್ಕೂ ಹೇಳಿದವರಲ್ಲ. ಭುಜ ಹೋದಾಗಲೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನ ಹಿಂದೆ ಆದಿ ಉಡುಪಿಗೆ ಹೋದೆ. ಇಸ್ತ್ರಿ ಅಂಗಿ ಕಳಚಿ ಕಿಟಿಕಿಗೆ ತೂಗುಹಾಕಿದೆ. "ಎಲ್ಲಿ ಕೊರೆಯಬೇಕು ಹೇಳಿ" ಎಂದೆ. ಅಪ್ಪ ನನ್ನ ಕೈಲಿದ್ದ ಕೈಡ್ರಿಲ್ಲಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದರು. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಹಲಸಿನ ದಾರಂದದಲ್ಲಿ ಒಂದು ಗುರುತು ಹಾಕಿದರು.

ಆಮೇಲೆ ಶುರುವಾಯಿತು ಬೈಗುಳ. "ನೇರ ಹಿಡಿ! ಎಮ್ಮೆ ಹಾಲು ಕರೆಯುವುದಲ್ಲ ಅದು! ಉಸಿರು ಬಿಡು ಮಾರಾಯ, ಸಾಯ್ತೀಯ!" ಎರಡು ವರ್ಷದ ಬಾಕಿಯನ್ನೆಲ್ಲ ನನ್ನ ಮೇಲೆ ಸುರಿದರು. ನನಗೆ ಎಷ್ಟು ಸುಖವಾಯಿತು ಅಂದರೆ, ಅಂಗೈಯಲ್ಲಿ ಬೊಕ್ಕೆ ಎದ್ದದ್ದೇ ಗೊತ್ತಾಗಲಿಲ್ಲ. ಮಧ್ಯಾಹ್ನ ಗಂಜಿ ಉಣ್ಣುವಾಗ ಬಾಯಿ ಬಿಟ್ಟೆ. "ಅಪ್ಪ, ನೀರು ತಾಗಿಸಬಾರದು ಅಂತ ಪುಸ್ತಕದಲ್ಲಿ ಇತ್ತು. ನಾನು ಓದಿದ್ದೆ."

"ತೊಳಿ ಅಂದದ್ದು ನಾನು" ಎಂದರು. ಉಪ್ಪಿನಕಾಯಿ ನನ್ನ ಕಡೆ ದೂಡಿದರು.

ಆರು ಭಾನುವಾರ, ರಜೆ ಹಾಕಿದ ಕೆಲವು ದಿನ. ಗೃಹಪ್ರವೇಶದ ಹಿಂದಿನ ದಿನ ಎದುರು ಬಾಗಿಲು ನಿಂತಿತು. ಅಪ್ಪನ ಕೆಲಸ ಗೊತ್ತಿದ್ದವರಿಗೆ ಗೊತ್ತು, ಕೂದಲೆಳೆಯಷ್ಟು ಓರೆಯಾದರೂ ಇಡೀ ಬಾಗಿಲು ಕಳಚಿ ಮತ್ತೆ ಮಾಡುತ್ತಿದ್ದರು. ಅವರ ಈ ಕಾಟಕ್ಕೆ ಸಹಾಯಕ್ಕೆ ಬಂದ ಎಷ್ಟೋ ಜನ ಓಡಿಹೋಗಿದ್ದರು. ಮನೆಯ ಯಜಮಾನರು ಬಂದು ಬಾಗಿಲು ಹಾಕಿ, ಚಿಲಕ ಸರಿಸಿದರು. ಚಿಲಕ ಸಿಕ್ಕಿಕೊಂಡಿತು. ಬಗ್ಗಿ ನೋಡಿದರು.

"ಆಚಾರ್ರೇ, ಈ ತೂತು ಸ್ವಲ್ಪ ಓರೆ ಅಲ್ವಾ?"

ಇಡೀ ಬಾಗಿಲು ಈಗ ಕೆಳಗಿಳಿಯುತ್ತದೆ, ನಾಳೆಗೆ ಮುಗಿಯುವುದಿಲ್ಲ, ಎಲ್ಲ ನನ್ನಿಂದ ಎಂದುಕೊಂಡೆ. ಅಪ್ಪ ಹತ್ತಿರ ಹೋಗಿ ತೂತಿಗೆ ಬೆರಳು ಹಾಕಿ ನೋಡಿದರು.

"ಓರೆಯೇ" ಎಂದರು. "ಅದು ನನ್ನ ಮಗ ಕೊರೆದದ್ದು. ಚೂರು ಎತ್ತಿ ದೂಡಿ, ಹೋಗುತ್ತದೆ."