ಠಾಣೆಯ ಕಸ ಗುಡಿಸುತ್ತ ಊರು ಗುರುತಿಸುವ ದೇವಕ್ಕ

ಬೆಳಗಿನ ಐದೂವರೆ. ಮುಂಬೈನ ಜೋಗೇಶ್ವರಿಯ ಚಾಳಿನಿಂದ ನಡೆದೇ ಬಂದ ದೇವಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಶ್ಚಿಮ ಉಪನಗರದ ಪೊಲೀಸ್ ಠಾಣೆಯೊಂದರ ಮೆಟ್ಟಿಲಿಗೆ ನೀರು ಹಾಕುತ್ತಿದ್ದಾರೆ. ಹನ್ನೊಂದು ಕೋಣೆ, ಎರಡು ಮಹಡಿ ಮೆಟ್ಟಿಲು, ಒಂದು ಉದ್ದನೆಯ ವರಾಂಡ. ಎಂಟು ಗಂಟೆಯೊಳಗೆ ಎಲ್ಲ ಗುಡಿಸಿ ಒರೆಸಿ ಮುಗಿಯಬೇಕು. ಹದಿನಾಲ್ಕು ವರ್ಷದಿಂದ ಇದೇ ಗುತ್ತಿಗೆ ಕೆಲಸ.

ಆದರೆ ಈ ಠಾಣೆಯಲ್ಲಿ ಅವರನ್ನು ‘ಮಾವಶಿ’, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಗೌರವದಿಂದ ಕರೆಯುವುದು ಪೊರಕೆಯ ಕಾರಣಕ್ಕಲ್ಲ.

ಮೂರು ವರ್ಷದ ಹಿಂದಿನ ಮಾತು. ಅಕ್ರಮವಾಗಿ ಗಡಿ ದಾಟಿ ಬಂದವರನ್ನು ಹುಡುಕುವ ತಪಾಸಣೆ ನಗರದಲ್ಲಿ ಜೋರಾಗಿತ್ತು. ಒಂದು ಬೆಳಿಗ್ಗೆ, ಕಟ್ಟಡದ ಕೆಲಸಕ್ಕೆ ಬಂದಿದ್ದ ಹನ್ನೆರಡು ಮಂದಿಯನ್ನು ವ್ಯಾನು ತಂದು ಇಳಿಸಿತು. ಅವರಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು. ಕೈಯಲ್ಲಿ ಒಂದು ಕಾಗದವಿಲ್ಲ. ಹಿಂದಿಯಲ್ಲಿ ಕೇಳಿದರೂ ಮರಾಠಿಯಲ್ಲಿ ಕೇಳಿದರೂ ಉತ್ತರವಿಲ್ಲ. ಗೋಡೆಗೆ ಒರಗಿ ಏನನ್ನೋ ಗೊಣಗುತ್ತಿದ್ದಳು. ಅದು ಯಾವ ದೇಶದ ಭಾಷೆಯೆಂದು ಯಾರಿಗೂ ಗೊತ್ತಾಗಲಿಲ್ಲ.

ವರಾಂಡ ಒರೆಸುತ್ತಿದ್ದ ದೇವಕ್ಕನ ಕಿವಿಗೆ ಅದು ಬಿತ್ತು. “ಯಾಡಿ, ಯಾಡಿ ಅನ್ನಾಕತ್ತಿದ್ಳು. ಯಾಡಿ ಅಂದ್ರ ಲಂಬಾಣಿ ಮಾತಿನಾಗ ತಾಯಿ. ನಮ್ಮ ಊರ ಬಾಜೂಕೇ ತಾಂಡಾ ಇತ್ತು ನೋಡ್ರಿ, ಸಣ್ಣಾಕಿ ಇದ್ದಾಗಿಂದ ಕೇಳೀನಿ.” ಒರೆಸುವ ಬಟ್ಟೆ ಬಿಟ್ಟು ಆಕೆಯ ಪಕ್ಕ ಕೂತು, “ಯಾವ ತಾಂಡಾ ಯವ್ವಾ ನಿಂದು?” ಎಂದು ಕನ್ನಡದಲ್ಲೇ ಕೇಳಿದರು. ಆ ಹೆಂಗಸು ದೇವಕ್ಕನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. ಹೆಸರು ರುಕ್ಮಿಣಿಬಾಯಿ. ಯಾದಗಿರಿ ಜಿಲ್ಲೆಯ ತಾಂಡಾದವಳು. ಮಗನ ಜೊತೆ ದುಡಿಯಲು ಬಂದವಳು; ವ್ಯಾನು ಬಂದಾಗ ಮಗ ಬೇರೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಹೆದರಿಕೆಗೆ ತಾಯಿಮಾತು ಬಿಟ್ಟು ಬೇರೆಲ್ಲ ಮರೆತೇಹೋಗಿತ್ತು.

ಸಬ್ ಇನ್‌ಸ್ಪೆಕ್ಟರ್ ಸುಭಾಷ ಅಂದು ಕರ್ತವ್ಯದಲ್ಲಿದ್ದರು. “ಮಾವಶಿ, ಮಾತಿನ ಮೇಲೆ ಬಿಡಲಾರೆ, ದಾಖಲೆ ಬೇಕು” ಎಂದರು. ದೇವಕ್ಕ ಮೊಮ್ಮಗಳು ಸೋನಾಲಿಗೆ ಫೋನ್ ಮಾಡಿದರು. ಕಾಲೇಜಿಗೆ ಹೊರಟಿದ್ದ ಸೋನಾಲಿ ಆ ಭಾಗದ ಗ್ರಾಮ ಪಂಚಾಯ್ತಿಯ ನಂಬರು ಹುಡುಕಿದಳು. ಸಂಜೆಗೆ ತಾಂಡಾದ ಅಂಗನವಾಡಿ ಕಾರ್ಯಕರ್ತೆ ಪಡಿತರ ಚೀಟಿಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಮರುದಿನ ಅಲ್ಲಿನ ಠಾಣೆಯಿಂದ ಪತ್ರವೂ ಬಂತು. ರುಕ್ಮಿಣಿಬಾಯಿ ಮಗನ ಜೊತೆ ಹೊರಟು ನಿಂತಾಗ ದೇವಕ್ಕನ ಕಾಲಿಗೆ ಬಗ್ಗಿದಳಂತೆ. “ನನಗಿಂತ ಹಿರೇಕಿ! ನಾನ ಆಕಿ ಕಾಲ ಹಿಡಕೊಂಡೆ” ಎಂದು ದೇವಕ್ಕ ನಗುತ್ತಾರೆ.

ಅಂದಿನಿಂದ ಕರ್ನಾಟಕದವರೆಂದು ಹೇಳಿಕೊಳ್ಳುವವರು ಯಾರು ಬಂದರೂ ದೇವಕ್ಕನಿಗೆ ಕರೆ ಬರುತ್ತದೆ. ಇದುವರೆಗೆ ನಲವತ್ತೊಂದು ಮಂದಿ. ಲೆಕ್ಕ ಇಟ್ಟವಳು ಸೋನಾಲಿ. ಇದಕ್ಕೆ ಸಂಬಳವಿಲ್ಲ, ಹುದ್ದೆಯಿಲ್ಲ.

ದೇವಕ್ಕ ಕೂಡ ಬರಿಗೈಯಲ್ಲೇ ಮುಂಬೈಗೆ ಬಂದವರು. ಶಹಾಪುರ ತಾಲೂಕಿನ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ, ಗಂಡ ರಾಮಪ್ಪನ ಹಿಂದೆ. ರಾಮಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ತೀರಿಕೊಂಡಾಗ ಮಗ ಇನ್ನೂ ಶಾಲೆ ಮುಗಿಸಿರಲಿಲ್ಲ. “ಆ ಹೊತ್ತಿನಾಗ ಚಾಳ್ ಮಂದಿ ನನ್ನ ಕೈ ಬಿಡಲಿಲ್ರಿ. ನೀ ಯಾರು, ಎಲ್ಲಿಯಾಕಿ ಅಂತ ಯಾರೂ ಕೇಳಲಿಲ್ಲ. ಆ ಋಣ ಎಲ್ಲಿ ತೀರಸ್ಲಿ? ಹಿಂಗ ಒಂದೊಂದು ಮಂದಿಗೆ ದಾರಿ ತೋರ್ಸಿ ತೀರ್ಸಾಕತ್ತೀನಿ.”

ಎಲ್ಲ ಸಲವೂ ಸಂತೋಷದ ಕೊನೆಯಲ್ಲ. ಹೋದ ವರ್ಷ ಒಬ್ಬ ಬಂದ. ಆಧಾರ್ ಕಾರ್ಡಿನಲ್ಲಿ ವಿಜಯಪುರ ಜಿಲ್ಲೆಯ ವಿಳಾಸ. ಕನ್ನಡ ಒಂದಕ್ಷರ ಬರದು. ಅಲ್ಲಿದ್ದ ಪೇದೆ, ‘ಇನ್ನೇನು ಬೇಕು, ಇವನು ಹೊರಗಿನವನೇ’ ಎಂದುಬಿಟ್ಟ. ದೇವಕ್ಕ ಒಪ್ಪಲಿಲ್ಲ. “ಕನ್ನಡ ಬರದಿದ್ರ ಹೊರಗಿನಾವ ಅಂತ ಹೆಂಗ ಹೇಳೋದ್ರಿ? ನಮ್ಮ ಸೋನಾಲಿನೂ ಅರ್ಧಾ ಹಿಂದಿ ಮಾತಾಡ್ತಾಳ. ಊರಿಗೆ ಫೋನ್ ಹಚ್ರಿ ಅಂದೆ.”

ಫೋನ್ ಹಚ್ಚಿದರು. ಆ ಊರಲ್ಲಿ ಅಂಥ ಮನೆಯೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ದಲ್ಲಾಳಿಯ ಮೂಲಕ ಗಡಿ ದಾಟಿ ಬಂದೆ ಎಂದು ಆತ ಕೊನೆಗೆ ಒಪ್ಪಿಕೊಂಡ. ಅದೇ ಸುಳ್ಳು ವಿಳಾಸದಲ್ಲಿ ಇನ್ನೂ ಇಪ್ಪತ್ತಾರು ಕಾರ್ಡುಗಳು ತಯಾರಾಗಿದ್ದವು. ಆ ಜಾಡು ಹಿಡಿದು ಪೊಲೀಸರು ದಲ್ಲಾಳಿಯನ್ನೂ ಹಿಡಿದರು. “ಅವರಲ್ಲಿ ಇಪ್ಪತ್ತೈದು ಜನ ಹೊಟ್ಟೆಪಾಡಿಗೆ ಬಂದಿರಬಹುದು. ಉಳಿದ ಒಬ್ಬ ಯಾತಕ್ಕೆ ಬಂದಿದ್ದಾನೆ? ನಾಳೆ ಏನಾದರೂ ಆದರೆ, ಇಲ್ಲದ ಹೆಸರಿನ ಮನುಷ್ಯನನ್ನು ಎಲ್ಲಿ ಹುಡುಕಲಿ? ನಮ್ಮ ಚಿಂತೆ ಅದು” ಎನ್ನುತ್ತಾರೆ ಸುಭಾಷ.

ಆ ಮನುಷ್ಯ ವ್ಯಾನು ಹತ್ತುವಾಗ ದೇವಕ್ಕನತ್ತ ತಿರುಗಿ, “ಮಾವಶಿ, ಹೌದು ನಮ್ಮವನೇ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?” ಎಂದು ಹಿಂದಿಯಲ್ಲಿ ಕೇಳಿದನಂತೆ. ಇದನ್ನು ಹೇಳುವಾಗ ದೇವಕ್ಕನ ದನಿ ತಗ್ಗುತ್ತದೆ. “ಅವನಿಗೆ ಚಹಾ, ಪಾವ್ ಕೊಟ್ಟೆ. ಹಸದಿದ್ದ. ಎರಡು ದಿನ ನನಗೂ ಊಟ ಸೇರಲಿಲ್ಲ. ಆದ್ರ ಸುಳ್ಳ ಹೇಳಾಕ ಬರೂದಿಲ್ರಿ. ಇವತ್ತ ಅವಂಗ ಸುಳ್ಳ ಹೇಳಿದ್ರ, ನಾಳಿ ರುಕ್ಮಿಣಿಬಾಯಿಯಂಥಾಕಿ ಬಂದಾಗ ನನ್ನ ಖರೇ ಮಾತು ಯಾರ್ ನಂಬ್ತಾರ?”

ಈಗ ಪ್ರತಿ ಸಂಕ್ರಾಂತಿಗೆ ರುಕ್ಮಿಣಿಬಾಯಿಯ ತಾಂಡಾದಿಂದ ದೇವಕ್ಕನ ಮನೆಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬರುತ್ತದೆ. ಅದರಲ್ಲಿ ಅರ್ಧ ಠಾಣೆಗೆ ಹೋಗುತ್ತದೆ. ಕಳೆದ ಸಲ ಠಾಣೆಯವರು ಅವರಿಗೊಂದು ಶಾಲು ಹೊದಿಸಲು ಹೊರಟರೆ, “ಸೆಕಿಯಾಗ ಶಾಲ ಏನ್ ಮಾಡ್ಲಿ” ಎಂದು ತಪ್ಪಿಸಿಕೊಂಡರು.

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರುತ್ತದೆ, ಏನಾದರೂ ಆಸೆಯಿದೆಯೇ ಎಂದು ಕೇಳಿದೆ. ಅವರು ಹೇಳಿದರು:

“ಊರ ಬಿಟ್ಟು ದುಡಿಯಾಕ ಬರೋ ಮಂದಿಗೆ ಒಂದು ಮಾತು ಬರೀರಿ. ಗಂಟಿನಾಗ ರೊಟ್ಟಿ ಕಡಿಮಿ ಇದ್ರೂ ನಡೀತದ, ಖರೇ ಕಾಗದ ಒಂದು ಇಟ್ಕೊಂಡು ಬರ್ರಿ ಅಂತ. ನನ್ನ ಫೋಟೋ ಸಣ್ಣದ ಹಾಕ್ರಿ, ಈ ಮಾತು ದೊಡ್ಡದು ಹಾಕ್ರಿ.”